ಭೀಮೆಯಿಂದ ಕೃಷ್ಣೆಯವರೆಗೆ ಒಂದು ಕ್ಯಾಮೆರಾ

ವಿಜಯಪುರ ಜಿಲ್ಲೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನೋಡಿದರೆ ಮೇಲಂಚಿನಲ್ಲಿ ಭೀಮಾ ನದಿ, ಕೆಳಂಚಿನಲ್ಲಿ ಕೃಷ್ಣಾ ನದಿ. ನಡುವೆ ಕಣ್ಣು ಹಾಯುವಷ್ಟು ದೂರ ಎರೆ ಹೊಲ. ಆ ಹೊಲಗಳನ್ನು ಬಳಸಿಕೊಂಡು ಹರಿಯುವುದು ಡೋಣಿ. ಡೋಣಿ ತುಂಬಿ ಹರಿದ ವರ್ಷ ಓಣಿ ಓಣಿಯಲ್ಲೂ ಕಾಳು ಎಂಬುದು ಈ ಸೀಮೆಯ ಜನರ ಅನುಭವ. ಭೀಮೆಯ ಮಗ್ಗುಲಿಗೆ ಇಂಡಿ ಮತ್ತು ಸಿಂದಗಿ. ಕೃಷ್ಣೆಯ ಮಗ್ಗುಲಿಗೆ ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ. ಈಚೆಗೆ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮುಂತಾದ ಹೊಸ ತಾಲ್ಲೂಕುಗಳು ಇವುಗಳಿಂದ ಒಡೆದು ಬಂದಿವೆ. ಆದರೂ ಹಳಬರ ಲೆಕ್ಕದಲ್ಲಿ ಇವು ನಾಲ್ಕೇ.

ಗೋಳಗುಮ್ಮಟ ನೋಡಲು ಬರುವ ಶಾಲಾ ಪ್ರವಾಸಗಳು ಸಾಮಾನ್ಯವಾಗಿ ಈ ಕಡೆಗೆ ಹೊರಳುವುದಿಲ್ಲ. ಹೊರಳಿದರೆ ಎರಡು ದಿನಕ್ಕೆ ಸಾಕಾಗುವಷ್ಟು ನೋಡುವುದಿದೆ. ಪ್ರವಾಸಕ್ಕೆ ಹೊರಡುವಾಗ ಶಾಲೆಯ ಕಪಾಟಿನಲ್ಲೋ ಮನೆಯ ಟ್ರಂಕಿನಲ್ಲೋ ಮಲಗಿರುವ ಹಳೆಯ ಹೈ ಡೆಫಿನಿಷನ್ ಕ್ಯಾಮ್‌ಕಾರ್ಡರನ್ನು ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು. ಏಕೆಂದರೆ ಆ ಟ್ರಂಕಿನಲ್ಲಿ ಕ್ಯಾಮೆರಾ ಒಂದೇ ಇರುವುದಿಲ್ಲ. ಅದರ ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಹತ್ತಾರು ಕ್ಯಾಸೆಟ್ಟುಗಳಿರುತ್ತವೆ. ಮೊಬೈಲಿನ ಕ್ಯಾಮೆರಾ ಬಲಿಯುವ ಮೊದಲು ಮದುವೆ, ಜಾತ್ರೆ, ಶಾಲೆಯ ಸಮ್ಮೇಳನಗಳೆಲ್ಲ ಸೆರೆಯಾದದ್ದು ಅವುಗಳಲ್ಲಿಯೇ. "ನಿಮ್ಮ ಮುತ್ಯಾನ ದನಿ ಒಮ್ಮೆ ಕೇಳಸೋ ತಮ್ಮಾ" ಎಂದು ಮನೆಯ ಆಯಿ ಕೇಳಿದರೆ, ಕ್ಯಾಸೆಟ್ಟು ಕೈಯಲ್ಲಿದ್ದರೂ ಕೇಳಿಸುವ ದಾರಿ ಇಂದಿನ ಹುಡುಗರಿಗೆ ಗೊತ್ತಿರುವುದಿಲ್ಲ. ಆ ದಾರಿ ಯಾವುದು ಎಂಬುದನ್ನು ಈ ನಾಲ್ಕು ತಾಲ್ಲೂಕುಗಳ ದಾರಿಯಲ್ಲೇ ಕಲಿಯಬಹುದು.

ಇಂಡಿ: ಕೇಳಿದ್ದು, ಬರೆದದ್ದು

ಇಂಡಿಯ ಸುತ್ತ ಎತ್ತ ನೋಡಿದರೂ ನಿಂಬೆಯ ತೋಟ. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದೂ ಇಲ್ಲಿಯೇ. ಹೈ ಡೆಫಿನಿಷನ್ ಎಂದರೇನು ಎಂದು ಮಕ್ಕಳಿಗೆ ತೋರಿಸಲು ಒಂದು ನಿಂಬೆ ಗಿಡ ಸಾಕು. ಹಳೆಯ ವಿಡಿಯೊ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ. ಗುಣಿಸಿದರೆ ನಾಲ್ಕು ಲಕ್ಷ ಚಿಲ್ಲರೆ. ಪೂರ್ಣ ಹೈ ಡೆಫಿನಿಷನ್ ಚಿತ್ರದಲ್ಲಿ 1920 ಮತ್ತು 1080. ಅಂದರೆ ಇಪ್ಪತ್ತು ಲಕ್ಷಕ್ಕೂ ಮೇಲೆ, ಸುಮಾರು ಐದು ಪಟ್ಟು. ಹಳೆಯ ಚಿತ್ರದಲ್ಲಿ ಹಸಿರು ಮುದ್ದೆಯಾಗಿ ಕಾಣುವ ಗಿಡ ಹೊಸದರಲ್ಲಿ ಎಲೆ ಎಲೆಯಾಗಿ, ಮುಳ್ಳು ಮುಳ್ಳಾಗಿ ಕಾಣುತ್ತದೆ.

ಇಂಡಿ ಪಟ್ಟಣದ ಬಳಿಯಲ್ಲೇ ಸಾಲೋಟಗಿ ಇದೆ. ಕ್ರಿ.ಶ. 945ರ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ ಕಂಬಶಾಸನ ಈ ಊರಿನದು. ದೊರೆಯ ಮಂತ್ರಿ ನಾರಾಯಣ ಇಲ್ಲಿ ವಿದ್ಯಾಲಯವೊಂದನ್ನು ಕಟ್ಟಿಸಿದ ಸಂಗತಿ ಅದರಲ್ಲಿದೆ. ಬೇರೆ ಬೇರೆ ನಾಡುಗಳಿಂದ ಓದಲು ಬಂದವರಿಗಾಗಿ 27 ವಸತಿಗಳಿದ್ದವು. ದೀಪದ ಖರ್ಚಿಗೆಂದೇ ಭೂಮಿಯನ್ನು ಬಿಟ್ಟಿದ್ದರು. ಹಾಸ್ಟೆಲಿನಲ್ಲಿದ್ದು ಓದುವ ಇಂದಿನ ಮಕ್ಕಳು ಈ ಮಾತನ್ನು ಕೇಳಿ ಕಣ್ಣರಳಿಸದೆ ಇರಲಾರರು. ಆ ವಿದ್ಯಾಲಯವೂ ಇಲ್ಲ, ದೀಪವೂ ಇಲ್ಲ. ಕಲ್ಲಿನ ಮೇಲೆ ಬರೆದದ್ದರಿಂದ ಸಾವಿರ ವರ್ಷ ದಾಟಿ ಸುದ್ದಿ ಮಾತ್ರ ಬಂದಿದೆ.

ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣಕ್ಕೆ ಸೇರಿರುವ ಹಲಸಂಗಿಯದು ಇನ್ನೊಂದು ಬಗೆ. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಮುಂತಾದ ಗೆಳೆಯರು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ಮುಂದೆ 'ಜೀವನ ಸಂಗೀತ', 'ಮಲ್ಲಿಗೆ ದಂಡೆ' ಬಂದವು. ಬೀಸುಕಲ್ಲುಗಳ ಜಾಗಕ್ಕೆ ಗಿರಣಿ ಬಂದ ಮೇಲೆ ಆ ಹಾಡುಗಳನ್ನು ಹುಡುಕುವವರು ಪುಸ್ತಕದ ಕಡೆಗೇ ಬರಬೇಕಾಯಿತು.

ಈ ಗೆಳೆಯರ ಕೆಲಸದಲ್ಲಿ ಮೂರು ಹಂತ ಕಾಣುತ್ತದೆ. ಮೊದಲು ಕೇಳುವುದು, ಆಮೇಲೆ ಇದ್ದದ್ದು ಇದ್ದಂತೆ ಬರೆದುಕೊಳ್ಳುವುದು, ಕೊನೆಗೆ ಆರಿಸಿ ಅಚ್ಚು ಹಾಕಿಸುವುದು. ವಿಡಿಯೊದಲ್ಲೂ ಅಷ್ಟೇ. ಚಿತ್ರ ತೆಗೆಯುವುದು ಕೇಳಿದ ಹಾಗೆ. ತೆಗೆದದ್ದನ್ನು ಕಂಪ್ಯೂಟರಿಗೆ ಇಳಿಸುವುದು ಬರೆದುಕೊಂಡ ಹಾಗೆ. ಸ್ಟುಡಿಯೊದವರು 'ಮಿಕ್ಸಿಂಗ್' ಎನ್ನುವ ಎಡಿಟಿಂಗ್ ಅಚ್ಚು ಹಾಕಿಸಿದ ಹಾಗೆ. ಎಲ್ಲರಿಗೂ ಮೊದಲನೆಯದರಲ್ಲಿ ಉತ್ಸಾಹ, ಮೂರನೆಯದರಲ್ಲಿ ಆಸೆ. ನಡುವಿನದು ಬೇಸರದ ಕೆಲಸ. ಸೆರೆಹಿಡಿದದ್ದು ಕಳೆದುಹೋಗುವುದು ಅಲ್ಲಿಯೇ.

ಸಿಂದಗಿ: ಓಲೆಯಿಂದ ಕಾಗದಕ್ಕೆ, ಟೇಪಿನಿಂದ ಡಿಸ್ಕಿಗೆ

ಇಂಡಿಯಿಂದ ಮೂಡಣಕ್ಕೆ ಸಿಂದಗಿಯ ದಾರಿ ಹಿಡಿದರೆ ತೊಗರಿ, ಬಿಳಿಜೋಳದ ಹೊಲಗಳು. ದೇವರ ಹಿಪ್ಪರಗಿ ಶರಣ ಮಡಿವಾಳ ಮಾಚಿದೇವರ ಊರು. ವಚನ ಸಾಹಿತ್ಯದ ಸಂಶೋಧಕ ಎಂ. ಎಂ. ಕಲಬುರ್ಗಿಯವರೂ ಸಿಂದಗಿ ತಾಲ್ಲೂಕಿನವರೇ. ಅವರ ಪ್ರಧಾನ ಸಂಪಾದಕತ್ವದಲ್ಲಿ ವಚನಗಳೆಲ್ಲ 15 ಸಂಪುಟಗಳಾಗಿ 1993ರಲ್ಲಿ ಹೊರಬಂದವು. ಅದಕ್ಕೂ ಎಪ್ಪತ್ತು ವರ್ಷ ಹಿಂದೆ ಇದೇ ಜಿಲ್ಲೆಯಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆ ಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆ ಕಟ್ಟುಗಳನ್ನು ಹುಡುಕಿ, ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚಿಗೆ ತಂದಿದ್ದರು. 1925ರಲ್ಲಿ ಸ್ವಂತ ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಓಲೆಗರಿಗೆ ಹುಳು ಬೀಳುವ ಮೊದಲೇ ಅಕ್ಷರ ಕಾಗದಕ್ಕೆ ಇಳಿಯಬೇಕು ಎಂಬ ಅವಸರ ಅವರದು.

ಕ್ಯಾಮ್‌ಕಾರ್ಡರಿನ ಟೇಪು ಇಂದಿನ ತಾಡೋಲೆ. ಸೋನಿ, ಜೆವಿಸಿ, ಕ್ಯಾನನ್, ಶಾರ್ಪ್ ಕಂಪನಿಗಳು ಸೇರಿ 2003ರಲ್ಲಿ ಪ್ರಕಟಿಸಿದ ಎಚ್‌ಡಿವಿ ಪದ್ಧತಿಯಲ್ಲಿ ಚಿತ್ರ ದಾಖಲಾಗುವುದು ಸುಮಾರು 6 ಮಿಲಿಮೀಟರ್ ಅಗಲದ ಟೇಪಿನ ಮೇಲೆ. ಅದರ ಕಾಂತೀಯ ಲೇಪದಲ್ಲಿ ಓರೆಯಾಗಿ ಎಳೆದ ಒಂದೊಂದು ಗೆರೆಯ ಅಗಲ 10 ಮೈಕ್ರಾನ್. ಮನುಷ್ಯನ ಕೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ, ಎರೆಮಣ್ಣಿನ ದೂಳು ಎಲ್ಲ ಸಂದಿಯಲ್ಲೂ ನುಗ್ಗುವ ಈ ಸೀಮೆಯಲ್ಲಿ ಅಂಥ ಗೆರೆ ಎಷ್ಟು ಕಾಲ ಉಳಿದೀತು? ಟೇಪು ಉಳಿದರೂ ಅದನ್ನು ಓಡಿಸುವ ಕ್ಯಾಮೆರಾ ಉಳಿಯಬೇಕಲ್ಲ! ಅಂಥ ಕ್ಯಾಮೆರಾಗಳ ತಯಾರಿಕೆ ನಿಂತು ವರ್ಷಗಳಾದವು.

ಆದ್ದರಿಂದ ಇಳಿಸುವ ಕೆಲಸವನ್ನು ಮುಂದಕ್ಕೆ ಹಾಕಬಾರದು. ಟೇಪಿನ ಕ್ಯಾಮೆರಾದಲ್ಲಿ ಯುಎಸ್‌ಬಿ ರಂಧ್ರ ಇದ್ದರೂ ಎಷ್ಟೋ ಮಾದರಿಗಳಲ್ಲಿ ಅದು ಬಿಡಿ ಫೋಟೊಗಳಿಗಷ್ಟೇ. ವಿಡಿಯೊ ಹೊರಬರುವುದು ಫೈರ್‌ವೈರ್ ಎಂಬ ಬೇರೆಯೇ ತಂತಿಯಿಂದ. ಕ್ಯಾಮೆರಾದ ಮೇಲೆ ಅದನ್ನು ಐಲಿಂಕ್ ಎಂದೋ ಡಿವಿ ಎಂದೋ ಬರೆದಿರುತ್ತಾರೆ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಈ ರಂಧ್ರವಿಲ್ಲ. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಫೈರ್‌ವೈರ್ ಕಾರ್ಡು ಕೂಡಿಸಿಕೊಳ್ಳುವುದು ಸುಲಭದ ದಾರಿ. ಊರಿನ ಮದುವೆ ವಿಡಿಯೊ ಸ್ಟುಡಿಯೊದ ಮೂಲೆಯಲ್ಲಿ ಅಂಥ ಯಂತ್ರ ಇನ್ನೂ ಇದ್ದರೆ ಅದು ಬಂಗಾರಕ್ಕೆ ಸಮ.

ತಂತಿ ಸಿಕ್ಕಿದ ಮೇಲೆ ಕ್ಯಾಮೆರಾವನ್ನು ಟೇಪು ನೋಡುವ ಸ್ಥಿತಿಗೆ ತಿರುಗಿಸಬೇಕು. ಮೆನುವಿನಲ್ಲಿ ಐಲಿಂಕ್ ಆಯ್ಕೆ 'ಡಿವಿ'ಗೆ ಬದಲಾಯಿಸುವಂತೆ ಇದ್ದರೆ ಅದನ್ನು ತೆಗೆದುಹಾಕಬೇಕು. ಇಲ್ಲದಿದ್ದರೆ ಹೈ ಡೆಫಿನಿಷನ್ ಚಿತ್ರ ಹಳೆಯ ನಾಲ್ಕು ಲಕ್ಷದ ಲೆಕ್ಕಕ್ಕೆ ಇಳಿದು ಬರುತ್ತದೆ. ಬಹಳ ವರ್ಷ ಮುಟ್ಟದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿಕೊಂಡರೆ ಸುತ್ತು ಸಡಿಲಾಗಿ ಸಮವಾಗುತ್ತದೆ. ಬ್ಯಾಟರಿಯ ಮೇಲೆ ನಂಬಿಕೆಯಿಡದೆ ಅಡಾಪ್ಟರ್ ಹಾಕಬೇಕು. ಕಂಪ್ಯೂಟರಿಗೆ ಯುಪಿಎಸ್ ಇರಲೇಬೇಕು. ಒಂದು ಗಂಟೆಯ ಟೇಪು ಇಳಿಯಲು ಸರಿಯಾಗಿ ಒಂದು ಗಂಟೆ ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಎಷ್ಟು ಜಾಗ ಬೇಕು ಎಂಬುದು ಎಂಟನೆಯ ತರಗತಿಯ ಲೆಕ್ಕ. ಎಚ್‌ಡಿವಿ ಟೇಪಿನಿಂದ ಸೆಕೆಂಡಿಗೆ 25 ಮೆಗಾಬಿಟ್ ಮಾಹಿತಿ ಬರುತ್ತದೆ. ಗಂಟೆಗೆ 3600 ಸೆಕೆಂಡು. ಗುಣಿಸಿ, ಎಂಟು ಬಿಟ್ಟಿಗೆ ಒಂದು ಬೈಟ್ ಎಂದು ಎಂಟರಿಂದ ಭಾಗಿಸಿದರೆ 11,250 ಮೆಗಾಬೈಟ್, ಅಂದರೆ ಸುಮಾರು 11 ಗಿಗಾಬೈಟ್. ಇಪ್ಪತ್ತು ಕ್ಯಾಸೆಟ್ಟಿಗೆ 225. ಇಂದಿನ ಒಂದು ಸಾಧಾರಣ ಹಾರ್ಡ್ ಡಿಸ್ಕಿನ ಮೂಲೆಗೂ ಸಾಲದು.

ಇಳಿಸಿದ ಚಿತ್ರವನ್ನು ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದಾಗ ಅದು ತಡವರಿಸಿ ಓಡುವುದುಂಟು. ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ. ಕಾರಣ ತಿಳಿಯಲು ಶಾಲೆಯ ಹಾಜರಿ ಪುಸ್ತಕವನ್ನು ನೆನೆದುಕೊಳ್ಳಬಹುದು. ಗುಮಾಸ್ತರೊಬ್ಬರು ಸೋಮವಾರ ಎಲ್ಲ ಮಕ್ಕಳ ಹೆಸರು ಬರೆದು, ಮುಂದಿನ ದಿನಗಳಲ್ಲಿ ನಿನ್ನೆಗಿಂತ ಏನು ಬದಲಾಯಿತೋ ಅಷ್ಟನ್ನೇ ಬರೆಯುತ್ತಾರೆ ಎಂದಿಟ್ಟುಕೊಳ್ಳೋಣ. ಪುಸ್ತಕ ತೆಳ್ಳಗಾಗುತ್ತದೆ. ಆದರೆ ಶುಕ್ರವಾರ ಯಾರು ಬಂದಿದ್ದರು ಎಂದು ಕೇಳಿದರೆ ಸೋಮವಾರದಿಂದ ಓದಿಕೊಂಡು ಬರಬೇಕು. ಎಚ್‌ಡಿವಿಯಲ್ಲೂ ಹಾಗೆಯೇ. ಸೆಕೆಂಡಿಗೆ 25 ಚಿತ್ರಗಳಿದ್ದರೂ ಸುಮಾರು ಅರ್ಧ ಸೆಕೆಂಡಿಗೆ ಒಂದು ಮಾತ್ರ ಪೂರ್ಣ ಚಿತ್ರ. ಉಳಿದವು ಬರೀ ವ್ಯತ್ಯಾಸ. ಟೇಪಿನ ಒಂದು ಕಡೆ ದೂಳು ಕೂತರೆ ಅರ್ಧ ಸೆಕೆಂಡು ಚಿತ್ರವೇ ನಿಂತುಬಿಡುವುದೂ ಇದೇ ಕಾರಣಕ್ಕೆ.

ಇದಕ್ಕೆ ಎರಡು ಪರಿಹಾರ. ಪ್ರತಿದಿನದ ಹಾಜರಿಯನ್ನೂ ಪೂರ್ತಿ ಬರೆದ ಹಾಗೆ ಎಲ್ಲ ಚಿತ್ರಗಳನ್ನೂ ಬಿಡಿಸಿ ಬರೆಯುವ ರೂಪಕ್ಕೆ ಪರಿವರ್ತಿಸುವುದು ಒಂದು. ಅದಕ್ಕೆ ಐದು ಪಟ್ಟು ಜಾಗವಾದರೂ ಬೇಕಾದೀತು. ಕೆಲಸಕ್ಕೆಂದು 'ಪ್ರಾಕ್ಸಿ' ಎಂಬ ಸಣ್ಣ ನಕಲು ಮಾಡಿಕೊಂಡು, ಕೊನೆಗೆ ಅಸಲಿಯಿಂದ ಚಿತ್ರ ತೆಗೆಯುವುದು ಇನ್ನೊಂದು. ಶಾಟ್‌ಕಟ್, ಕೆಡೆನ್‌ಲೈವ್‌ನಂಥ ಉಚಿತ ತಂತ್ರಾಂಶಗಳಲ್ಲೂ ಈ ಸೌಲಭ್ಯವಿದೆ. ಏನೇ ಮಾಡಿದರೂ ಟೇಪಿನಿಂದ ಬಂದ ಅಸಲಿ ಫೈಲನ್ನು ಅಳಿಸಬಾರದು. ಓಲೆಗರಿಯ ಸಂಪಾದಕರು ಮೊದಲು ಪ್ರತಿಯನ್ನು ಇಡಿಯಾಗಿ ನಕಲು ಮಾಡಿಕೊಳ್ಳುತ್ತಾರೆ, ತಿದ್ದುವುದು ಆಮೇಲೆ.

ಮುದ್ದೇಬಿಹಾಳ: ಬಾಚಣಿಕೆಯ ಹಲ್ಲು

ಸಿಂದಗಿಯಿಂದ ದಕ್ಷಿಣಕ್ಕೆ ಇಳಿದರೆ ಡೋಣಿಯ ದಡದ ತಾಳಿಕೋಟೆ. 1565ರ ಜನವರಿಯಲ್ಲಿ ವಿಜಯನಗರದ ಭಾಗ್ಯವನ್ನು ತಿರುಗಿಸಿದ ಕಾಳಗಕ್ಕೆ ಈ ಊರಿನ ಹೆಸರು ಅಂಟಿಕೊಂಡಿದೆ. ರಕ್ಕಸಗಿ, ತಂಗಡಗಿ ಊರುಗಳ ಹೆಸರಿನಿಂದಲೂ ಅದನ್ನು ಕರೆಯುತ್ತಾರೆ. ಅಷ್ಟು ದೊಡ್ಡ ಘಟನೆ ಎಲ್ಲಿ ನಡೆಯಿತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯಿದೆ. ಮುದ್ದೇಬಿಹಾಳ ದಾಟಿ ತಂಗಡಗಿಗೆ ಹೋದರೆ ನದಿಯ ದಡದಲ್ಲಿ ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳ. ನೀರಿನ ಮೇಲೆ ಸಂಜೆಯ ಬಿಸಿಲು ಬಿದ್ದಾಗ ಕ್ಯಾಮೆರಾ ಕೆಳಗಿಡಲು ಮನಸ್ಸಾಗುವುದಿಲ್ಲ.

ಇಲ್ಲಿ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ನಿಂತ ಗುಡಿ ಸ್ವಚ್ಛವಾಗಿದ್ದರೂ ಹಾದುಹೋಗುವ ಬಸ್ಸಿನ ಅಂಚಿಗೆ ಬಾಚಣಿಕೆಯ ಹಲ್ಲಿನಂಥ ಗೆರೆಗಳು. ಆ ಕಾಲದ ಕ್ಯಾಮೆರಾ 1080 ಸಾಲುಗಳನ್ನು ಒಟ್ಟಿಗೆ ಬರೆಯುತ್ತಿರಲಿಲ್ಲ. ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಬೆಸ ಸಾಲುಗಳನ್ನು, ಮುಂದಿನ ಭಾಗದಲ್ಲಿ ಸಮ ಸಾಲುಗಳನ್ನು ಬರೆಯುತ್ತಿತ್ತು. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಎರಡನ್ನೂ ಜೋಡಿಸಿದಾಗ ಹಲ್ಲು ಮೂಡುತ್ತದೆ. ಹಳೆಯ ಟಿವಿಗಳೂ ಹಾಗೆಯೇ ಎರಡು ಸಲ ತೋರಿಸುತ್ತಿದ್ದುದರಿಂದ ಅದು ಕಾಣುತ್ತಿರಲಿಲ್ಲ. ತಂತ್ರಾಂಶದಲ್ಲಿ 'ಡಿಇಂಟರ್‌ಲೇಸ್' ಎಂಬ ಆಯ್ಕೆ ಇರುತ್ತದೆ. ಅದನ್ನು ಕೊನೆಯ ಪ್ರತಿಗೆ ಮಾತ್ರ ಬಳಸಬೇಕು.

ಮನೆಯ ಕ್ಯಾಮೆರಾ ಟೇಪಿನದಲ್ಲದೆ ಕಾರ್ಡಿನದಾಗಿದ್ದರೆ ಅದು ಬಹುಶಃ ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ತಂದ ಎವಿಸಿಎಚ್‌ಡಿ ಪದ್ಧತಿಯದು. ಇಲ್ಲಿ ಗಂಟೆಗಟ್ಟಲೆ ಕಾಯಬೇಕಿಲ್ಲ, ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಸಾಕು. ಸುಲಭವೆಂದೇ ಇಲ್ಲಿ ತಪ್ಪಾಗುವುದು. ಕಾರ್ಡಿನೊಳಗೆ 'ಪ್ರೈವೇಟ್' ಎಂಬ ಫೋಲ್ಡರು, ಅದರೊಳಗೆ ಮತ್ತೆ ಫೋಲ್ಡರುಗಳು, ಎಲ್ಲಕ್ಕಿಂತ ಒಳಗೆ 'ಸ್ಟ್ರೀಮ್'ನಲ್ಲಿ ಎಂಟಿಎಸ್ ಎಂಬ ಬಾಲದ ಫೈಲುಗಳು. ಅವಸರದವರು ಆ ಫೈಲುಗಳನ್ನಷ್ಟೇ ಎಳೆದುಕೊಂಡು ಕಾರ್ಡನ್ನು ಅಳಿಸಿಬಿಡುತ್ತಾರೆ. ಈ ಕಾರ್ಡುಗಳಲ್ಲಿ ಒಂದೊಂದು ಫೈಲಿನ ಗಾತ್ರಕ್ಕೆ ಮಿತಿಯಿದೆ. ಒಂದು ಗಂಟೆಯ ಭಾಷಣವನ್ನು ಕ್ಯಾಮೆರಾ ತಾನಾಗಿ ಎರಡು ಮೂರು ತುಂಡು ಮಾಡುತ್ತದೆ. ಯಾವ ತುಂಡು ಯಾವುದಕ್ಕೆ ಜೋಡಿ ಎಂಬ ಚೀಟಿ ಬೇರೆ ಫೈಲಿನಲ್ಲಿರುತ್ತದೆ. ಚೀಟಿ ಹೋದರೆ ತುಂಡುಗಳು ಕೂಡುವಲ್ಲಿ ಮಾತು ಕತ್ತರಿಸಿದಂತಾಗಬಹುದು. ಆದ್ದರಿಂದ 'ಪ್ರೈವೇಟ್' ಫೋಲ್ಡರನ್ನು ಇಡಿಯಾಗಿ ಪ್ರತಿ ಮಾಡಿಕೊಂಡು, ಎಡಿಟಿಂಗ್ ತಂತ್ರಾಂಶದ ಇಂಪೋರ್ಟ್ ಆಯ್ಕೆಗೆ ಆ ಪ್ರತಿಯನ್ನೇ ತೋರಿಸಬೇಕು.

ಪ್ರತಿಗೆ ಹೆಸರಿಡುವುದೂ ಮುಖ್ಯ. ವರ್ಷ, ತಿಂಗಳು, ದಿನ, ಊರು, ಸಂದರ್ಭ ಎಂಬ ಕ್ರಮದಲ್ಲಿ ಬರೆದರೆ ಕಂಪ್ಯೂಟರೇ ಸಾಲಾಗಿ ಜೋಡಿಸುತ್ತದೆ. ಹಳೆಯ ಕ್ಯಾಮೆರಾದ ಒಳಗಿನ ಗಡಿಯಾರದ ಬ್ಯಾಟರಿ ಸತ್ತಿದ್ದರೆ ಅದು ತೋರಿಸುವ ತಾರೀಖನ್ನು ನಂಬುವಂತಿಲ್ಲ. ಮದುವೆಯ ಕರೆಯೋಲೆ ನೋಡಿಯೋ ಹಿರಿಯರನ್ನು ಕೇಳಿಯೋ ಗೊತ್ತುಮಾಡಿಕೊಳ್ಳಬೇಕು. ಚಿತ್ರದಲ್ಲಿರುವವರು ಯಾರು ಯಾರು ಎಂದು ಆಯಿಯ ಪಕ್ಕದಲ್ಲಿ ಕೂತು ಬರೆದುಕೊಳ್ಳುವುದು ಮಕ್ಕಳಿಗೆ ಒಂದು ಬೇಸಿಗೆ ರಜೆಯ ಕೆಲಸ. ಆ ಹೆಸರುಗಳನ್ನು ಯಾವ ತಂತ್ರಾಂಶವೂ ಹೇಳಲಾರದು.

ಬಸವನ ಬಾಗೇವಾಡಿ: ನೀರು ಏರುವ ಮುನ್ನ

ಬಸವನ ಬಾಗೇವಾಡಿ ಎಂದರೆ ಹನ್ನೆರಡನೆಯ ಶತಮಾನದ ಬಸವಣ್ಣನವರ ನೆನಪು. ಊರ ನಡುವೆ ಬಸವೇಶ್ವರ ದೇವಾಲಯ, ಹತ್ತಿರದಲ್ಲೇ ಜನ್ಮಸ್ಥಳದ ಸ್ಮಾರಕ. ಶ್ರಾವಣದ ಜಾತ್ರೆಗೆ ಸುತ್ತಲ ಹಳ್ಳಿಗಳೆಲ್ಲ ಇಲ್ಲಿ ನೆರೆಯುತ್ತವೆ. ಗುಡಿಯೊಳಗೆ ಚಿತ್ರ ತೆಗೆಯುವ ಮೊದಲು ಅಲ್ಲಿಯವರನ್ನು ಕೇಳುವುದು ಮರ್ಯಾದೆ.

ಇದೇ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿಗೆ ಸೇರಿರುವ ಆಲಮಟ್ಟಿಗೆ ಬಂದಾಗ ಪ್ರವಾಸ ಮುಗಿಯುತ್ತದೆ. ಕೃಷ್ಣೆಗೆ ಅಡ್ಡಲಾಗಿ ಒಂದೂವರೆ ಕಿಲೋಮೀಟರಿಗೂ ಉದ್ದದ, 26 ಗೇಟುಗಳ ಅಣೆಕಟ್ಟು. ಶಂಕುಸ್ಥಾಪನೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ. ಲೋಕಾರ್ಪಣೆ 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ. ನಡುವೆ 42 ವರ್ಷ. ತೋಟ, ಕಾರಂಜಿಗಳನ್ನು ನೋಡಿ ಮಕ್ಕಳು ಕುಣಿಯುತ್ತಾರೆ. ಅದರಾಚೆಯ ನೀರಿನ ಕೆಳಗೆ ಊರುಗಳಿವೆ ಎಂಬುದನ್ನು ದೊಡ್ಡವರು ಹೇಳಬೇಕು. ಅಗಸಿ ಬಾಗಿಲು, ಹಣಮಂತ ದೇವರ ಗುಡಿ, ಕಟ್ಟೆ, ಗರಡಿಮನೆ, ಹಗೇವುಗಳಿದ್ದ ಊರುಗಳು. ಹಿನ್ನೀರಿಗೆ ಬಾಗಲಕೋಟೆ ಪಟ್ಟಣದ ಭಾಗಗಳೂ ಮುಳುಗಿದವು. ಅಲ್ಲಿಂದ ಎದ್ದು ಬಂದವರು ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಮನೆ ಕಟ್ಟಿಕೊಂಡರು. ಹೊಸ ಮನೆಗೆ ತರಲಾಗದ್ದು ಓಣಿ.

ಆ ಓಣಿಯಲ್ಲಿ ನಡೆದ ಕೊನೆಯ ಜಾತ್ರೆಯನ್ನೋ ಮನೆಯ ಮದುವೆಯನ್ನೋ ಯಾರಾದರೂ ಟೇಪಿನಲ್ಲಿ ಹಿಡಿದಿದ್ದರೆ ಅದು ಬರೀ ಮದುವೆಯ ಕ್ಯಾಸೆಟ್ಟಲ್ಲ. ವರನ ಮೆರವಣಿಗೆಯ ಹಿಂದೆ ಕಾಣುವ ಗೋಡೆ, ಗಿಡ, ಬಾವಿಗಳಿಗೆ ಅದೊಂದೇ ಸಾಕ್ಷಿ. ಅಂಥ ಟೇಪು ಹೈ ಡೆಫಿನಿಷನ್ ಬರುವುದಕ್ಕೂ ಮೊದಲಿನದಾಗಿದ್ದರೂ ಇಳಿಸುವ ದಾರಿ ಹೆಚ್ಚುಕಡಿಮೆ ಇದೇ. ಅವಸರವೂ ಇದೇ, ಇನ್ನೂ ಸ್ವಲ್ಪ ಹೆಚ್ಚು.

ಈ ಕಥೆ ಮುಗಿದಿಲ್ಲ. ಈವರೆಗೆ ನೀರು ನಿಲ್ಲಿಸುತ್ತ ಬಂದದ್ದು 519.6 ಮೀಟರ್ ಮಟ್ಟಕ್ಕೆ. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ವರೆಗೆ ನಿಲ್ಲಿಸಬಹುದೆಂದು ತೀರ್ಪು ಕೊಟ್ಟಿತು. ಆ ಮಟ್ಟಕ್ಕೆ ನೀರು ಏರಿದರೆ ಇನ್ನಷ್ಟು ಊರುಗಳು, ಹೊಲಗಳು ಹೋಗುತ್ತವೆ. ಬರಡು ಹೊಲಕ್ಕೆ ನೀರು ಬರುವುದು ಸಂತೋಷದ ಮಾತೇ. ಹೋಗುವ ಊರಿನ ಚಿತ್ರ ಉಳಿದರೆ ಆ ಸಂತೋಷಕ್ಕೇನೂ ಕೊರತೆಯಾಗದು. ಅಂಥ ಊರುಗಳ ಶಾಲೆಯ ಮಕ್ಕಳು ಒಂದು ಹಳೆಯ ಕ್ಯಾಮೆರಾ ಹಿಡಿದು ತಮ್ಮ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದು ಚಿತ್ರ ತೆಗೆದರೆ, ಅದು ಸಾಲೋಟಗಿಯ ಕಂಬದ ಕೆಲಸವನ್ನೇ ಮಾಡಿದಂತೆ.

ಆದರೆ ಕಂಬ ಕಲ್ಲಿನದು, ಹಾರ್ಡ್ ಡಿಸ್ಕು ಕಲ್ಲಿನದಲ್ಲ. ಒಂದು ದಿನ ಸದ್ದಿಲ್ಲದೆ ನಿಂತುಹೋಗುತ್ತದೆ. ಅದಕ್ಕೇ ಎರಡು ಪ್ರತಿ ಬೇಕು. ಎರಡೂ ಒಂದೇ ಮನೆಯಲ್ಲಿರಬಾರದು. ಒಂದು ಶಾಲೆಯಲ್ಲೋ ಬೇರೆ ಊರಿನ ಬಂಧುಗಳಲ್ಲೋ ಇರಲಿ. ಪ್ರತಿಯ ಆರಂಭ, ನಡು, ಕೊನೆಗಳನ್ನು ಓಡಿಸಿ ನೋಡಿದ ಮೇಲೆಯೇ ಕಾರ್ಡನ್ನು ಅಳಿಸಬೇಕು. ಟೇಪನ್ನಂತೂ ಅಳಿಸುವುದೇ ಬೇಡ. ಅದರ ಬೆನ್ನಿನ ಗುಂಡಿಯನ್ನು 'ಸೇವ್' ಕಡೆಗೆ ಸರಿಸಿ, ತಂಪಾದ ಒಣಗಿದ ಜಾಗದಲ್ಲಿ ನಿಲ್ಲಿಸಿಡಬೇಕು. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸಬೇಕು. ಬೀಜದ ಜೋಳವನ್ನು ವರ್ಷ ವರ್ಷ ಬಿಸಿಲಿಗೆ ಹಾಕಿ ಬೂದಿ ಬೆರೆಸಿ ಕಾಯ್ದಿಡುತ್ತಿದ್ದ ರೈತರ ಮನೆಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರವಾಸದಿಂದ ಮರಳಿದ ರಾತ್ರಿ ಎಲ್ಲರಿಗೂ ದಣಿವು. ಕ್ಯಾಮೆರಾ ಮತ್ತೆ ಟ್ರಂಕಿಗೆ ಹೋಗುವ ರಾತ್ರಿ ಅದೇ. ಆ ರಾತ್ರಿಯೇ ತಂತಿ ಹುಡುಕಿ, ಕಂಪ್ಯೂಟರಿಗೆ ಜೋಡಿಸಿ, ಒಂದು ಗಂಟೆ ಕಾದು ಕೂತ ಮನೆಯಲ್ಲಿ ಆಯಿ ಒಮ್ಮೆಯಾದರೂ ಎದ್ದು ಬಂದು ಪರದೆಯ ಮುಂದೆ ಕೂರುತ್ತಾಳೆ. ಹೊಸ ಚಿತ್ರ ಇಳಿದ ಮೇಲೆ ಅದೇ ತಂತಿಯಲ್ಲಿ ಹಳೆಯ ಕ್ಯಾಸೆಟ್ಟನ್ನೂ ಹಾಕಬಹುದು. ಮುತ್ಯಾನ ದನಿ ಅದರಲ್ಲಿದೆ.